ಮೌನಿಯ ಮೊದಲ ರೋಗಿ

"ಈ ಹೆಣ್ಣುಮಗಳು" ಎಂದೆ ನಾನು. ಮೈಕಿನಲ್ಲಿ, ಇಡೀ ಸಭಾಂಗಣ ಕೇಳುವ ಹಾಗೆ, ವೇದಿಕೆಯ ಮೂಲೆಯಲ್ಲಿ ಕೂತಿದ್ದ ನನ್ನ ಒಡಹುಟ್ಟಿದ ಅಕ್ಕನ ಕಡೆ ಕೈ ತೋರಿಸಿ, "ಈ ಹೆಣ್ಣುಮಗಳು ನಮ್ಮ ಪ್ರಯೋಗದ ಮೊದಲ ರೋಗಿ" ಎಂದೆ.

ಅಕ್ಕ ಎದ್ದು ನಿಂತು ಸಭೆಗೆ ಕೈಮುಗಿದಳು. ಆಮೇಲೆ ನನ್ನ ಕಡೆ ತಿರುಗಿ ನನಗೂ ಮುಗಿದಳು. "ಡಾಕ್ಟರ್ ಬಾಯಾರಿಗೆ ದೇವರು ಒಳ್ಳೇದು ಮಾಡ್ಲಿ" ಅಂದಳು. ನಾನು ಹೇಳಿಕೊಟ್ಟಿದ್ದಷ್ಟನ್ನೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ನನ್ನ ಜಡೆ ಹೆಣೆದು, ತುತ್ತು ಇಟ್ಟು ಬೆಳೆಸಿದವಳ ಕೈಲಿ ಕೈಮುಗಿಸಿಕೊಂಡು ಚಪ್ಪಾಳೆ ತಟ್ಟಿದವಳು ನಾನು, ಮಹಾನಂದಾ ಕೊಪ್ಪದ, ಪಿಎಚ್‌ಡಿ. ಥೂ.

ಆ ಸಭೆ ಯಾಕೆ ಸೇರಿತ್ತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಸಾಯುವ ಕೋಶ ಸುಮ್ಮನೆ ಸಾಯುವುದಿಲ್ಲ. ಬೆರಳು ಕೊಯ್ದುಕೊಂಡಿರಿ ಅನ್ನಿ. ಅಲ್ಲಿಯ ಕೋಶಗಳು ಸಾಯುವ ಮುಂಚೆ ಒಂದು ಬಗೆಯ ಎಣ್ಣೆಯಂಥ ರಸವನ್ನೂ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನೂ ಹೊರಗೆ ಬಿಡುತ್ತವೆ. ಅದು ಅವುಗಳ ಕೊನೆಯ ಮಾತು. 'ನಾನು ಹೊರಟೆ, ನನ್ನ ಜಾಗ ತುಂಬಿರಿ' ಎಂದು ನೆರೆಯ ಕೋಶಗಳಿಗೆ ಹೇಳುವ ಮಾತು. ನೆರೆಯವು ಅದನ್ನು ಕೇಳಿ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ, ಗಾಯ ಮಾಯುತ್ತದೆ. ದೇಹ ಮಾಡಿಕೊಂಡ ಒಳ್ಳೆಯ ಏರ್ಪಾಡು. ಕ್ಯಾನ್ಸರ್ ಗಡ್ಡೆಯೂ ಇದೇ ಏರ್ಪಾಡನ್ನು ಬಳಸಿಕೊಳ್ಳುತ್ತದೆ. ನಾವು ಔಷಧಿ ಹಾಕಿ ಕೊಲ್ಲುತ್ತೇವೆ. ಸಾಯುವ ಕೋಶಗಳು ಪಕ್ಕದವನ್ನು ಎಬ್ಬಿಸಿ ಸಾಯುತ್ತವೆ. ಅರ್ಧ ಗಡ್ಡೆ ಸತ್ತರೆ ಉಳಿದರ್ಧ ಎದ್ದು ಕೂರುತ್ತದೆ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಸುದ್ದಿ ಮುಟ್ಟಿದ ಕೂಡಲೇ ಅಕ್ಕಪಕ್ಕದ ಮನೆಗಳ ಒಲೆ ಹೊತ್ತುತ್ತವೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ, ಬುತ್ತಿ ಕಟ್ಟಿಕೊಂಡು ಹೆಂಗಸರು ಹೋಗುತ್ತಾರೆ. ಅಕ್ಕ ದಾಕ್ಷಾಯಣಿ ಅದೇ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು, ಹಾಗಾಗಿ ಮೊದಲ ಬುತ್ತಿ ಯಾವಾಗಲೂ ಅವಳದೇ. ಗಡ್ಡೆಯ ಒಳಗೂ ಸುದ್ದಿ ಮುಟ್ಟುತ್ತದೆ, ಒಲೆ ಹೊತ್ತುತ್ತದೆ. ಆದರೆ ಅಲ್ಲಿಯ ನೆರೆಹೊರೆ ಬುತ್ತಿಯನ್ನು ತಾನೇ ತಿಂದು ಕೊಬ್ಬುತ್ತದೆ.

ನಮ್ಮ ಸಂಶೋಧನಾ ಕೇಂದ್ರ ಎರಡು ವಸ್ತು ಮಾಡಿತ್ತು. ಮೊದಲನೆಯದು 'ಕಿವಿ'. ಜೀರಿಗೆ ಕಾಳಿನಷ್ಟು ದೊಡ್ಡದು. ಸೂಜಿಯಲ್ಲಿ ಗಡ್ಡೆಯೊಳಗೆ ಇಟ್ಟರೆ ಸಾಯುವ ಕೋಶಗಳ ಆ ರಸವನ್ನು ರುಚಿ ನೋಡಿ, ಹೊರಗಿನ ಪೆಟ್ಟಿಗೆಗೆ ಸುದ್ದಿ ಕಳಿಸುತ್ತದೆ. ಪೆಟ್ಟಿಗೆ ಅದನ್ನು ಸದ್ದು ಮಾಡಿ ಕೇಳಿಸುತ್ತದೆ. ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆ ಪಟಪಟ ಅನ್ನುತ್ತದೆ. ಎರಡನೆಯದು 'ಮೌನಿ' ಅನ್ನುವ ಔಷಧಿ. ಅದು ನನ್ನದು, ನನ್ನೊಬ್ಬಳ ತಲೆಯಿಂದ ಬಂದದ್ದು. ಸಾಯುವ ಕೋಶದ ಬಾಯಿಗೆ ಬಟ್ಟೆ ತುರುಕುವ ಔಷಧಿ. ಕೋಶ ಸಾಯುತ್ತದೆ, ಆದರೆ ಮಾತಾಡುವುದಿಲ್ಲ. ಪಕ್ಕದ್ದಕ್ಕೆ ಗೊತ್ತಾಗುವುದಿಲ್ಲ, ಅದೂ ತನ್ನ ಸರದಿ ಬಂದಾಗ ಸುಮ್ಮನೆ ಸಾಯುತ್ತದೆ.

ಆ ದಿನ ಸಭೆಯಲ್ಲಿ ನಾನು ಮಾಡಿ ತೋರಿಸಿದ್ದು ಅದನ್ನೇ. ಮೊದಲು ಅಕ್ಕನ ಎದೆಯ ಗಡ್ಡೆಯೊಳಗಿನ ಹಳೆಯ ಸದ್ದು ಕೇಳಿಸಿದೆ. ಸಭಾಂಗಣದ ತುಂಬ ಪಟಪಟ. ಆಮೇಲೆ ಮೌನಿ ಕೊಟ್ಟ ನಂತರದ್ದು. ಏನೂ ಇಲ್ಲ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಜನ ಉಸಿರು ಬಿಗಿಹಿಡಿದು ಆ ಏನೂ ಇಲ್ಲದ್ದನ್ನು ಕೇಳಿದರು.

ಸ್ವಂತ ಅಕ್ಕನನ್ನು 'ಹೆಣ್ಣುಮಗಳು' ಎಂದದ್ದು ಯಾಕೆ? ನಿಯಮ ಇತ್ತು. ಪ್ರಯೋಗ ನಡೆಸುವವರು ತಮ್ಮ ರಕ್ತಸಂಬಂಧಿಗಳನ್ನು ಅದಕ್ಕೆ ಸೇರಿಸುವಂತಿಲ್ಲ. ಸರಿಯಾದ ನಿಯಮವೇ, ಮಮತೆ ಇದ್ದ ಕಡೆ ಕಣ್ಣು ಮಂಜಾಗುತ್ತದೆ. ಆದರೆ ಅಕ್ಕನ ಕ್ಯಾನ್ಸರ್ ಒಮ್ಮೆ ಹೋಗಿ ಮತ್ತೆ ಬಂದಿತ್ತು, ಊರಲ್ಲಿರುವ ಔಷಧಿಗಳೆಲ್ಲ ಮುಗಿದಿದ್ದವು, ಉಳಿದದ್ದು ನನ್ನದೊಂದೇ. ಅವಳ ಅಡ್ಡಹೆಸರು ಗಂಡನ ಕಡೆಯದು, ಅಂಗಡಿ. ನನ್ನದು ಕೊಪ್ಪದ. ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ, ಗೊತ್ತಾಗಲೂ ಇಲ್ಲ.

ಅದು ಅರ್ಧ ಕಾರಣ. ಉಳಿದರ್ಧ ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ. ಅವತ್ತು ಬೆಳಿಗ್ಗೆ ಅಕ್ಕ ಗೇಟಿನಲ್ಲಿ ಕಾವಲುಗಾರನ ಜೊತೆ ಜೋರು ದನಿಯಲ್ಲಿ, "ಯಪ್ಪಾ, ಒಳಗ ಬಿಡೋ, ಗಡ್ಡಿ ನಂದ ಐತಿ" ಎಂದು ಜಗಳ ತೆಗೆದಿದ್ದಳು. ರೊಟ್ಟಿಯ ಹಂಚು ತಾಗಿ ಕಪ್ಪಾದ ಮುಂಗೈ, ಕಣ್ಣಿಗೆ ಹೊಡೆಯುವ ಕೆಂಪು ಇಳಕಲ್ ಸೀರೆ, ಮೈತುಂಬ ಒಗ್ಗರಣೆಯ ವಾಸನೆ. ದಿಲ್ಲಿಯಿಂದ ಬಂದಿದ್ದ ದೊಡ್ಡವರು ನೋಡಿ ನಕ್ಕರು. ನಾನೂ ಅವರ ಜೊತೆ ನಕ್ಕೆ. ನಿಯಮ ಇಲ್ಲದಿದ್ದರೂ ಅವತ್ತು ನಾನು ಅವಳನ್ನು 'ಅಕ್ಕ' ಅನ್ನುತ್ತಿರಲಿಲ್ಲ.

ಮಧ್ಯಾಹ್ನ ಅವಳ ಮನೆಗೆ ಹೋದೆ. ಖಾನಾವಳಿಯ ಬಾಗಿಲಿಗೆ 'ಊರಿಗೆ ಹೋಗಿದ್ದೇವೆ' ಎಂಬ ಬೋರ್ಡು ತೂಗುತ್ತಿತ್ತು. ಅದೂ ನಾನೇ ಹಾಕಿಸಿದ್ದು. ಕಾಯಿಲೆಯ ಸುದ್ದಿ ಓಣಿಗೆ ತಿಳಿದರೆ ಓಣಿ ಆಸ್ಪತ್ರೆಗೆ ಬರುತ್ತದೆ, ಬಂದರೆ 'ನಮ್ಮ ನಂದಾನ ಅಕ್ಕ' ಎಂದು ಎಲ್ಲರೆದುರು ಬಡಬಡಿಸುತ್ತದೆ. ಹಿತ್ತಲಿನಿಂದ ಒಳಗೆ ಹೋದೆ. ಅಕ್ಕ ನನಗಾಗಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಗೆ ಕೇಳಿಸದ ಹಾಗೆ, ಮೆಲ್ಲಗೆ.

"ಏನಬೇ, ಚಲೋ ಮಾಡಿದ್ನಿಲ್ಲ?" ಅಂದಳು. "ಡಾಕ್ಟರ್ ಬಾಯಾರ ಅಂದಾಗ ನಗು ಬರಾಕತ್ತಿತ್ತು ನನಗ. ಸಣ್ಣಾಕಿ ಇದ್ದಾಗ ನಿನ್ನ ಮೂಗ ಒರಸಿದ್ದು ನೆಪ್ಪಾತು."

"ಅಕ್ಕಾ, ನಿಯಮ ಇದೆ ಅಂತ ಹೇಳಿದ್ದೆನಲ್ಲ..."

"ಗೊತ್ತೈತಿ ಬಿಡ. ನಾ ಏನರ ಅಂದ್ನೇನ?" ರೊಟ್ಟಿ ತಿರುವಿ ಹಾಕಿದಳು. "ಆದ್ರ ಬಾಜೂಕ ಕುಂತಿದ್ದಾಕಿ ಕೇಳಿದ್ಲು ನೋಡು, 'ಯಾಕ್ರೀ, ಒಬ್ರ ಬಂದೀರಿ, ನಿಮಗ ಯಾರೂ ಇಲ್ಲೇನು' ಅಂತ. ಆವಾಗಷ್ಟ 'ಇಲ್ರಿ' ಅನ್ನಾಕ ತ್ರಾಸಾತು."

ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ಅಪ್ಪ ಅವ್ವ ಒಂದೇ ಅಪಘಾತದಲ್ಲಿ ಹೋದಾಗ ನಾನು ಶಾಲೆ ಕಲಿಯುತ್ತಿದ್ದ ಹುಡುಗಿ. ಅಕ್ಕ ಮದುವೆಯಾಗಿ, ಬೇಗ ಗಂಡನನ್ನೂ ಕಳೆದುಕೊಂಡು, ಮಕ್ಕಳಿಲ್ಲದೆ, ಈ ಹಂಚಿನ ಮುಂದೆ ಕೂತು ನನ್ನನ್ನು ಓದಿಸಿದಳು. ನನ್ನ ಪಿಎಚ್‌ಡಿ ಅವಳ ರೊಟ್ಟಿ ತಿಂದು ಬೆಳೆದದ್ದು.

"ಮತ್ತೊಂದು ಮಾತು," ಅಂದಳು, "ಆ ಬೋರ್ಡು ತಗಸ. ಮನ್ಯಾಗ ಕುಂತಗೊಂಡ ಊರಿಗೆ ಹೋಗೇನಿ ನಾ. ಕೆಮ್ಮು ಬಂದ್ರೂ ಬಾಯಿಗೆ ಸೆರಗ ಇಟ್ಕೋಬೇಕು. ಒಂದ ನಾಲ್ಕ ಮಂದಿ ಬಂದು ಮಾತಾಡಿಸಿದ್ರ ಜೀವಕ್ಕ ಹಗುರ ಅನಸ್ತೈತಿ."

"ಸ್ವಲ್ಪ ದಿನ ತಡಿ ಅಕ್ಕಾ. ಗಡ್ಡೆ ಕರಗಲಿ."

"ಹೂಂ. ಕರಗಲಿ." ಹೊಸ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, ಮೇಲೆ ಬೆಣ್ಣೆ ಇಟ್ಟಳು.

ಗಡ್ಡೆ ಕರಗಲಿಲ್ಲ.

ಕಿವಿ ಮಾತ್ರ ಸುಮ್ಮನೇ ಇತ್ತು. ನನ್ನ ಪ್ರಯೋಗಾಲಯದ ಪರದೆಯ ಮೇಲೆ ಗೆರೆ ನೆಟ್ಟಗೆ, ಚಪ್ಪಟೆಯಾಗಿ ಹರಿಯುತ್ತಿತ್ತು. ಪತ್ರಿಕೆಯವರು ಬಂದು ಆ ಚಪ್ಪಟೆ ಗೆರೆಯ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ನಾನು ಹೊಸ ಸೀರೆ ಉಟ್ಟಿದ್ದೆ. ಅತ್ತ ಅಕ್ಕ ಜ್ವರ ಹಿಡಿದು ಆಸ್ಪತ್ರೆ ಸೇರಿದಳು. ಇಳಿಯದ ಜ್ವರ. ಅವಳನ್ನು ನೋಡುತ್ತಿದ್ದ ವೈದ್ಯ ಜಾವೀದ್ ಬಳಿಗಾರ ನನ್ನ ಪ್ರಯೋಗಾಲಯಕ್ಕೇ ಬಂದರು. ಸುತ್ತುಬಳಸಿ ಮಾತಾಡುವ ಮನುಷ್ಯನಲ್ಲ.

"ಮೇಡಂ, ಸ್ಕ್ಯಾನ್ ನೋಡಿದೆ. ಗಡ್ಡಿ ಕುಗ್ಗಿಲ್ಲ. ಖರೇ ಹೇಳ್ಬೇಕಂದ್ರ, ಬೆಳದೈತಿ."

"ಸಾಧ್ಯವೇ ಇಲ್ಲ. ಕಿವಿ ನೋಡಿ, ಒಂದು ಸದ್ದಿಲ್ಲ."

"ನಿಮ್ಮ ಕಿವಿ ತಣ್ಣಗೈತಿ, ಒಪ್ಪಿದೆ. ನನ್ನ ಪೇಶಂಟ್ ಉರ್ಯಾಕತ್ತಾರ. ನಾ ಯಾರ ಮಾತ ಕೇಳ್ಲಿ?"

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ಎದುರಿನವರು ಸರಿ ಇದ್ದಾಗ. ಸೂಜಿ ಹಾಕಿ ಗಡ್ಡೆಯ ಚೂರು ತೆಗೆದುಕೊಡಿ, ನಾನೇ ನೋಡುತ್ತೇನೆ ಎಂದು ಗದರಿದೆ. ಅವರು ತೆಗೆದು ಕಳಿಸಿದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.

ಹೆಣಗಳು. ಒಂದರ ಮೇಲೊಂದು ಸತ್ತ ಕೋಶಗಳು, ಊದಿಕೊಂಡು, ಒಡೆದು, ಒಳಗಿನದೆಲ್ಲ ಹೊರಗೆ ಸೋರಿ. ಅವುಗಳ ಅಂಚಿನಲ್ಲಿ, ಆ ಕೊಳೆಯಲ್ಲೇ ಕಾಲೂರಿ, ಬದುಕಿರುವ ಕ್ಯಾನ್ಸರ್ ಕೋಶಗಳು ದುಂಡುದುಂಡಗೆ ಬೆಳೆದಿದ್ದವು. ಹೆಣ ಎತ್ತುವವರು ಒಬ್ಬರೂ ಇರಲಿಲ್ಲ. ದೇಹದಲ್ಲಿ ಕಸ ಗುಡಿಸುವ ಕೋಶಗಳಿವೆ, ಸತ್ತದ್ದನ್ನು ನುಂಗಿ ಚೊಕ್ಕ ಮಾಡುವುದೇ ಅವುಗಳ ಕೆಲಸ. ಇಡೀ ಚೂರಿನಲ್ಲಿ ಹುಡುಕಿದೆ. ಒಂದೂ ಇಲ್ಲ.

ಆಗ ತಿಳಿಯಿತು. ಸಾಯುವ ಕೋಶದ ಆ ಕೊನೆಯ ಮಾತನ್ನು ಕೇಳುವವರು ಇಬ್ಬರು. ಒಂದು, ಬುತ್ತಿ ತಿಂದು ಕೊಬ್ಬುವ ನೆರೆಕೋಶ. ಇನ್ನೊಂದು, ಈ ಕಸ ಗುಡಿಸುವ ಕೋಶ. 'ನಾನು ಸಾಯುತ್ತಿದ್ದೇನೆ, ಬಂದು ಎತ್ತಿರಿ' ಅನ್ನುವ ಕರೆಯೂ ಅದೇ ಮಾತಿನಲ್ಲಿತ್ತು. ನಾನು ಬಾಯಿಗೆ ಬಟ್ಟೆ ತುರುಕಿದೆ. ಕರೆ ಹೋಗಲಿಲ್ಲ, ಯಾರೂ ಬರಲಿಲ್ಲ. ಹೆಣ ಕೊಳೆಯಿತು, ಒಡೆಯಿತು. ಒಡೆದ ಕೋಶದಿಂದ ಸೋರಿದ ನಂಜಿಗೆ ಮಾತೇ ಬೇಕಿಲ್ಲ, ಸುತ್ತಲೂ ಬೆಂಕಿ ಹಚ್ಚುತ್ತದೆ. ಕಿವಿಯನ್ನು ಮಾತು ಕೇಳಲು ಮಾಡಿದ್ದೆವು, ಕೊಳೆಯುವುದನ್ನು ಕೇಳಲು ಮಾಡಿರಲಿಲ್ಲ.

ಹಾಗಾದರೆ ಇಷ್ಟು ವರ್ಷ ನಮ್ಮ ಗಾಜಿನ ತಟ್ಟೆಗಳಲ್ಲಿ ಇದು ಯಾಕೆ ಕಾಣಲಿಲ್ಲ? ಕಾಣುವುದು ಹೇಗೆ, ನಾವು ತೊಳೆಯುತ್ತಿದ್ದೆವು! ಕೋಶ ಬೆಳೆಸುವ ಎಲ್ಲ ಪ್ರಯೋಗಾಲಯಗಳ ಪದ್ಧತಿ ಅದು. ಸತ್ತ ಕೋಶ ತಟ್ಟೆಯ ತಳ ಬಿಟ್ಟು ತೇಲುತ್ತದೆ. ಎಣಿಸುವ ಮುಂಚೆ ಉಪ್ಪುನೀರು ಹಾಕಿ, ಅಲುಗಿಸಿ, ಚೆಲ್ಲುತ್ತೇವೆ. 'ಸತ್ತದ್ದನ್ನು ಎಣಿಸಬೇಡ, ಬದುಕಿದ್ದನ್ನು ಎಣಿಸು' ಎಂದು ನನ್ನ ಗುರುಗಳು ಹೇಳಿಕೊಟ್ಟಿದ್ದರು, ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಿದೆ. ತೊಳೆಯುವುದರಲ್ಲಿ ನನ್ನಷ್ಟು ಚೊಕ್ಕ ಯಾರೂ ಇಲ್ಲ ಎಂದು ಹೆಸರಿತ್ತು. ಒಂದು ಹೆಣ ತೇಲಿದರೂ ಹುಡುಗಿಯರನ್ನು ಬೈದು ಮತ್ತೆ ತೊಳೆಸುತ್ತಿದ್ದೆ. ಗಾಜಿನ ತಟ್ಟೆಯಲ್ಲಿ ಕಸ ಗುಡಿಸುವ ಕೋಶದ ಕೆಲಸವನ್ನು ನನ್ನ ಕೈಯೇ ಮಾಡುತ್ತಿತ್ತು, ಹೊಗಳಿಕೆಯನ್ನು ಮೌನಿಗೆ ಕೊಡುತ್ತಿದ್ದೆ. ಅಕ್ಕನ ಎದೆಯೊಳಗೆ ಉಪ್ಪುನೀರು ಹಾಕಿ ಅಲುಗಿಸಿ ಚೆಲ್ಲುವವರು ಯಾರು?

ನಂಬಿಕೆ ಬರಲಿಲ್ಲ, ಮೌನಿ ಹಾಕಿದ ಒಂದು ತಟ್ಟೆಯನ್ನು ತೊಳೆಯದೆ ಇಟ್ಟು ನೋಡಿದೆ. ಮರುದಿನ ಹೆಣಗಳ ಸುತ್ತ ಕ್ಯಾನ್ಸರ್ ಹಬ್ಬಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಜಾವೀದರಿಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆ ಕ್ಷಣವೇ ಮೌನಿ ನಿಲ್ಲಿಸಿದರು. ಆಮೇಲೆ ನನ್ನನ್ನೂ ಕರೆದುಕೊಂಡು ವಾರ್ಡಿಗೆ ಹೋದರು. ಅಕ್ಕ ಮಂಚದ ಮೇಲೆ ಸಣ್ಣಗೆ ಕಾಣುತ್ತಿದ್ದಳು. ತುಟಿ ಒಣಗಿತ್ತು. ನನ್ನನ್ನು ಕಂಡು ಎದ್ದು ಕೂರಲು ನೋಡಿದಳು. "ಬರ್ರಿ ಡಾಕ್ಟರ್ ಬಾಯಾರ" ಅಂದಳು, ಜಾವೀದ್ ಇದ್ದರಲ್ಲ.

"ದಾಕ್ಷಾಯಣಮ್ಮ, ಸಮಾಧಾನಲೇ ಕೇಳ್ರಿ," ಎಂದರು ಜಾವೀದ್. "ಔಷಧಿ ಬಂದ್ ಮಾಡೇವಿ. ಇನ್ನ ಗಡ್ಡಿ ಒಳಗಿನ ಕೋಶ ಬಾಯಿ ಬಿಡ್ತಾವ. ಅವು ಕರದಾಗ ಕಸಾ ಹೊಡ್ಯಾವ್ರು ಬಂದ್ರ ನೀವು ಉಳಿತೀರಿ. ಆದ್ರ ಆ ಕಸಾ ಹೊಡಿಯೋ ಕೋಶ ನಿಮ್ಮ ರಕ್ತದಾಗ ಸಾಕಾಗುವಷ್ಟು ಉಳದಿಲ್ಲ, ಹಿಂದಿನ ಟ್ರೀಟ್‌ಮೆಂಟ್‌ನಾಗ ಸುಟ್ಟ ಹೋಗ್ಯಾವ. ಬ್ಯಾರೆಯವರ ರಕ್ತದಿಂದ ತಗದು ಹಾಕ್ಬೇಕು. ಹೊರಗಿನವರದು ಹೊಂದೂದು ಭಾಳ ಕಷ್ಟ. ಒಡಹುಟ್ಟಿದವರದು ಹೊಂದೂ ಸಂಭವ ಹೆಚ್ಚು. ನಿಮಗ ಅಣ್ಣ ತಮ್ಮ, ಅಕ್ಕ ತಂಗಿ ಯಾರರ ಅದಾರೇನು?"

ಅಕ್ಕ ನನ್ನ ಕಡೆ ನೋಡಿದಳು. ಒಂದು ಗಳಿಗೆ ಅಷ್ಟೇ. ನಾನು ಏನಾದರೂ ಅಂದೇನೋ ಎಂದು ಕಾದಳು, ಬೇಡಲಿಲ್ಲ. ನಾನು ಮಂಚಕ್ಕೆ ತೂಗಿದ್ದ ಜ್ವರದ ಪಟ್ಟಿ ಓದತೊಡಗಿದೆ. ಅವಳು ಮುಖ ತಿರುಗಿಸಿ ಗೋಡೆಗೆ ಹೇಳಿದಳು:

"ಯಾರೂ ಇಲ್ರಿ ಸಾಹೇಬ್ರ."

ನಾನು ಅಲ್ಲೇ, ಮಂಚದಿಂದ ಒಂದು ಮಾರು ದೂರದಲ್ಲಿ, ನಿಂತಿದ್ದೆ. ಪ್ರಾಣ ಹೋಗುವ ಹೊತ್ತಿನಲ್ಲೂ ಅವಳು ನನಗೆ ಕೊಟ್ಟ ಮಾತು ಉಳಿಸಿಕೊಂಡಳು. ನಾನು? "ಮೊದಲು ಸಮಿತಿಗೆ ವಿಷಯ ತಿಳಿಸಿ ಬರುತ್ತೇನೆ" ಎಂದು ಗೊಣಗಿ ಹೊರಗೆ ನಡೆದೆ. ಮೊಗಸಾಲೆಯಲ್ಲಿ ನಡೆಯುತ್ತ ಲೆಕ್ಕ ಹಾಕಿದೆ: ತಂಗಿ ಅಂದರೆ ಪ್ರಯೋಗ ರದ್ದು, ಕೆಲಸ ಹೋಯಿತು, ಹೆಸರು ಹೋಯಿತು, ಆ ಚಪ್ಪಟೆ ಗೆರೆಯ ಮುಂದಿನ ಫೋಟೋ ಊರಿಗೆಲ್ಲ ನಗೆಪಾಟಲು. ಆ ಲೆಕ್ಕದಲ್ಲಿ ಅಕ್ಕನ ಜೀವ ಎಷ್ಟನೆಯ ಸಾಲಿನಲ್ಲಿತ್ತು ಎಂದು ಕೇಳಬೇಡಿ.

ಮಧ್ಯಾಹ್ನ, ಪ್ರಯೋಗಗಳ ಮೇಲೆ ಕಣ್ಣಿಡುವ ಆ ಸಮಿತಿಯ ಮುಂದೆ ತೊಳೆಯುವ ತಪ್ಪನ್ನು ಪೂರ್ತಿ ಒಪ್ಪಿಕೊಂಡೆ. ಅದು ನನಗೆ ಸುಲಭವಾಗಿತ್ತು. ತಟ್ಟೆಯ ಚಿತ್ರ ತೋರಿಸಿದೆ, ನನ್ನ ಔಷಧಿ ಸೋತಿತು ಅಂದೆ, ದನಿ ನಡುಗಿತು ಕೂಡ. ಅಧ್ಯಕ್ಷರಾದ ಪ್ರೊಫೆಸರ್ ಇನಾಮದಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತಮ್ಮ ಸೋಲನ್ನ ತಾವಽ ಹಿಂಗ ಎದ್ದ ನಿಂತು ಹೇಳೋರು ಈಗಿನ ಕಾಲದಾಗ ಎಷ್ಟು ಮಂದಿ ಇದ್ದಾರ ಹೇಳ್ರಿ?" ಅಂದರು. "ಪ್ರಾಮಾಣಿಕತನ ಅಂದ್ರ ಇದು ನೋಡ್ರಿ." ಉಳಿದವರು ತಲೆಯಾಡಿಸಿದರು. ಯಾರೋ ನನ್ನ ಮುಂದೆ ಚಹಾ ಇಟ್ಟರು. ನಾನು ಆ ಹೊಗಳಿಕೆಯನ್ನೂ ಚಹಾದ ಜೊತೆ ಕುಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನೋಡಿದ್ದೀರಲ್ಲ.

ಕಪ್ಪು ಕೆಳಗಿಡುವಾಗ ಅಕ್ಕನ ಬೈಗುಳ ನೆನಪಾಯಿತು. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದು ಅಕ್ಕ ಯಾರಿಗಾದರೂ ಬೈಯುತ್ತಿದ್ದಳು. ನನಗೆ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಡೀರಿ, ಆ ತಾಯಿನ್ನ ನಾ ಒಮ್ಮೆ ನೋಡ್ತೀನಿ," ಎಂದು ಇನಾಮದಾರರು ಎದ್ದರು. "ನಮ್ಮ ಕೈಲೆ ತಪ್ಪಾಗೇದ, ಕ್ಷಮಾ ಕೇಳ್ಬೇಕು."

ವಾರ್ಡಿನಲ್ಲಿ ಜಾವೀದ್ ಕಿವಿಯ ಪೆಟ್ಟಿಗೆಯನ್ನು ಅಕ್ಕನ ತಲೆದಿಂಬಿನ ಪಕ್ಕ ಇಟ್ಟಿದ್ದರು. ಮೌನಿಯ ಪ್ರಭಾವ ಇಳಿಯುತ್ತಿತ್ತು. ಪೆಟ್ಟಿಗೆಯಿಂದ ಆಗೊಮ್ಮೆ ಈಗೊಮ್ಮೆ ಪಟ್ ಅನ್ನುತ್ತಿತ್ತು. ಪಟ್. ಸುಮ್ಮನೆ. ಮತ್ತೆ ಪಟ್.

"ದಾನಿಗಳ ಬ್ಯಾಂಕಿನಾಗ ಯಾರದೂ ಹೊಂದವಲ್ದು," ಎಂದು ಜಾವೀದ್ ಮೆಲ್ಲಗೆ ನನಗೆ ಹೇಳಿದರು. "ಇವತ್ತ ಸಂಜೀ ಒಳಗ ಸಿಗ್ಲಿಲ್ಲಂದ್ರ ಕೋಶ ಕರದ್ದು ನೆರೀಯವಕ್ಕಷ್ಟ ಕೇಳತೈತಿ. ಆಮ್ಯಾಲ ನನ್ನ ಕೈಯಾಗ ಏನಿಲ್ಲ."

"ನನ್ನ ರಕ್ತ ನೋಡಿ," ಅಂದೆ. "ಸುಮ್ಮನೆ. ಯಾರಿಗೆ ಗೊತ್ತು, ಹೊಂದಿದರೂ ಹೊಂದೀತು."

ಛೇ! ಆಗಲೂ ಕಳ್ಳದಾರಿಯನ್ನೇ ಹುಡುಕಿದೆ ನಾನು. ಜಾವೀದ್ ಸುಸ್ತಾದ ನಗೆ ನಕ್ಕರು. "ಲಕ್ಷಕ್ಕೊಬ್ಬರದು ಹೊಂದಿದ್ರ ಪುಣ್ಯ ಮೇಡಂ. ನಿಮ್ಮದು ನೋಡಾಕ ಹಿಡಿಯೋ ಹೊತ್ತಿನಾಗ ಬ್ಯಾಂಕಿನ ಇನ್ನೊಂದಿಷ್ಟು ನೋಡ್ಬಹುದು."

ಅಷ್ಟರಲ್ಲಿ ಇನಾಮದಾರರು ಮಂಚದ ಪಕ್ಕ ಕೂತು ಅಕ್ಕನಿಗೆ ಕೈಮುಗಿದರು. "ತಾಯಿ, ನಮ್ಮ ಪ್ರಯೋಗ ತಪ್ಪಾತು. ನಿಮಗ ಇಷ್ಟು ತ್ರಾಸ ಆತು. ಕ್ಷಮಾ ಮಾಡ್ರಿ."

"ಅಯ್ಯ, ದೊಡ್ಡವ್ರು ನೀವು, ಹಂಗೆಲ್ಲ ಕೈ ಮುಗೀಬ್ಯಾಡ್ರಿ," ಅಕ್ಕನ ದನಿ ಆಳದಿಂದ ಬರುತ್ತಿತ್ತು. "ಬೇಕಂತ ಯಾರ ಮಾಡ್ತಾರ?"

"ಇಲ್ಲೆ ನಿಮ್ಮನ್ನ ಚಲೋ ನೋಡ್ಕೊಂಡಾರಿಲ್ಲ? ನಮ್ಮ ಮಹಾನಂದಾ ಮೇಡಂ?"

ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದರೆ ಗುಟ್ಟು ರಟ್ಟಾದೀತು ಎಂದು ಹೆದರಿದವಳಂತೆ ಕಣ್ಣು ಮುಚ್ಚಿಕೊಂಡಳು.

"ನೋಡ್ಕೊಂಡಾರ್ರಿ. ಸ್ವಂತ ತಂಗಿ ನೋಡಿದಂಗ ನೋಡ್ಕೊಂಡಾರ. ಅವರಿಗೇನೂ ಅನಬ್ಯಾಡ್ರಿ."

ಪೆಟ್ಟಿಗೆ ಪಟ್ ಅಂದಿತು. ಇನಾಮದಾರರು ಗಂಟಲು ಸರಿ ಮಾಡಿಕೊಂಡು, "ಒಡಹುಟ್ಟಿದವರು ಖರೇನ ಯಾರೂ ಇಲ್ಲೇನು ತಾಯಿ? ದೂರ ಊರಾಗಿದ್ರೂ ನಡೀತದ, ನಾ ವಿಮಾನ ಹಿಡಿಸಿ ಕರಸ್ತೀನಿ," ಅಂದರು.

"ಇಲ್ರಿ ಯಪ್ಪಾ," ಅಂದಳು ಅಕ್ಕ. "ಇದ್ರ ಬರ್ತಿದ್ರಲ್ರೀ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ, ನನ್ನನ್ನು ಉಳಿಸಲು ಹೇಳಿದ್ದು. ಅದಕ್ಕೇ ತಡೆಯಲಾಗಲಿಲ್ಲ.

"ಅಕ್ಕಾ," ಅಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸಣ್ಣವಳಿದ್ದಾಗ ಶಾಲೆಯಿಂದ ಬಂದು ಹಸಿವಾದಾಗ ಕರೆಯುತ್ತಿದ್ದ ದನಿ ಅದು. ಜಾವೀದ್ ನನ್ನನ್ನು ನೋಡಿದರು, ಆಮೇಲೆ ಅಕ್ಕನನ್ನು. ಇಬ್ಬರದೂ ಅದೇ ಮೊಂಡು ಮೂಗು, ಅದೇ ಅಗಲ ಹಣೆ. ಇಷ್ಟು ದಿನ ಯಾರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೇ.

"ಅಕ್ಕಾ, ಸಾಕು," ಅಂದೆ. "ಸರ್, ಇವಳು ನನ್ನ ಅಕ್ಕ. ಒಡಹುಟ್ಟಿದವಳು. ನನಗೆ ಗೊತ್ತಿದ್ದೇ ಸೇರಿಸಿದೆ. ಬೆಳಿಗ್ಗೆ ಡಾಕ್ಟರ್ ಕೇಳಿದಾಗಲೂ ಇಲ್ಲೇ ನಿಂತಿದ್ದೆ. ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಏನು ಶಿಕ್ಷೆ ಕೊಡ್ತೀರೋ ಆಮೇಲೆ ಕೊಡಿ. ಈಗ ನನ್ನ ರಕ್ತ ತಗೊಳ್ಳಿ."

ಇನಾಮದಾರರು ಮೆಲ್ಲಗೆ ಎದ್ದು, ನನ್ನನ್ನು ಬಳಸಿಕೊಂಡು, ಬಾಗಿಲ ಕಡೆ ಹೋದರು. ಸಮಿತಿಯಲ್ಲಿ ಒದ್ದೆಯಾಗಿದ್ದ ಆ ಕಣ್ಣಲ್ಲಿ ಈಗ ನನ್ನ ಬಗ್ಗೆ ಏನಿತ್ತು ಎಂದು ನೋಡುವ ಧೈರ್ಯ ನನಗಾಗಲಿಲ್ಲ. ನನ್ನ ಕೆಲಸ ಹೋದದ್ದು ಆ ಹೊತ್ತಿನಲ್ಲೇ, ಕಾಗದ ಆಮೇಲೆ ಬಂತು. ಅದು ಅವರು ಮಾಡಿದ ಸರಿಯಾದ ಕೆಲಸ.

ಜಾವೀದ್ ಮಾತ್ರ ಗದರಿದರು. "ಮುಂಜಾನೆ ಹೇಳಿದ್ರ ಅರ್ಧ ದಿನ ಉಳೀತಿತ್ತಲ್ರೀ! ಬರ್ರಿ, ತೋಳ ಏರಿಸ್ರಿ." ಕೊನೆಗೂ ಒಬ್ಬರು ಬೈದರು.

ಅಕ್ಕನ ಪಕ್ಕದ ಮಂಚದಲ್ಲೇ ನನ್ನನ್ನು ಮಲಗಿಸಿದರು. ಹೊಂದುತ್ತದೆಯೇ ಎಂದು ನೋಡಿದ್ದಾಯಿತು, ಹೊಂದಿತು. ನನ್ನ ತೋಳಿನ ರಕ್ತ ಒಂದು ಯಂತ್ರದೊಳಗೆ ಸುತ್ತಿ, ಕಸ ಗುಡಿಸುವ ಕೋಶಗಳನ್ನಷ್ಟೇ ಅಲ್ಲಿ ಬಿಟ್ಟು, ಮತ್ತೆ ನನ್ನೊಳಗೆ ಬರುತ್ತಿತ್ತು. ಅಲ್ಲಿ ಉಳಿದ ಬಿಳಿಚಾದ ರಸ ಸಣ್ಣ ಚೀಲವೊಂದರಲ್ಲಿ ತುಂಬಿ, ನಳಿಕೆಯ ಮೂಲಕ ಅಕ್ಕನ ತೋಳಿಗೆ ಇಳಿಯಿತು. ಪೆಟ್ಟಿಗೆ ಈಗ ನಿಲ್ಲದೆ ಸಿಡಿಯುತ್ತಿತ್ತು, ಪಟಪಟ, ಪಟಪಟ. ಸಭಾಂಗಣದಲ್ಲಿ ನಾನು ಅಡಗಿಸಿ ಚಪ್ಪಾಳೆ ಗಿಟ್ಟಿಸಿಕೊಂಡ ಅದೇ ಸದ್ದು. ಕೇಳುವ ಇಬ್ಬರಲ್ಲಿ ಯಾರು ಮೊದಲು ಮುಟ್ಟುತ್ತಾರೋ ಗೊತ್ತಿರಲಿಲ್ಲ. ಆಮೇಲೆ ಗಡ್ಡೆ ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ, ಇನ್ನೂ ಹೋಗಿಲ್ಲ. ಖಾನಾವಳಿ ತೆರೆದಿದೆ. ಓಣಿಯ ಹೆಂಗಸರು ಸರದಿಯಲ್ಲಿ ಬಂದು ರೊಟ್ಟಿ ಬಡಿದು ಕೊಡುತ್ತಾರೆ, ಬಡಿಯುತ್ತ ನನ್ನನ್ನು ಮನಸಾರೆ ಬೈಯುತ್ತಾರೆ. ಆದರೆ ಅವತ್ತು ಇದೊಂದೂ ಗೊತ್ತಿರಲಿಲ್ಲ. ನಾನು ಛಾವಣಿ ನೋಡುತ್ತ ಮಲಗಿದ್ದೆ, ಅವಳ ಕಡೆ ಹೊರಳಲು ಮುಖ ಇರಲಿಲ್ಲ.

"ನಂದಾ," ಅಂದಳು ಅಕ್ಕ.

"ಹೂಂ."

"ಏನಂತಾವ ಅವು? ಒಂದ ಸವನ ಒದರಾಕತ್ತಾವಲ್ಲ."

"ಸಾಯಾಕತ್ತೇವಿ, ಬರ್ರಿ ಅಂತಾವಕ್ಕ." ಎಷ್ಟೋ ವರ್ಷದ ಮೇಲೆ ನನ್ನ ಬಾಯಲ್ಲಿ ಓಣಿಯ ಮಾತು ಬಂತು.

ಅಕ್ಕ ಸ್ವಲ್ಪ ಹೊತ್ತು ಆ ಸದ್ದು ಕೇಳಿದಳು. ಆಮೇಲೆ ಸೂಜಿ ಇಲ್ಲದ ಕೈಯನ್ನು ಎರಡು ಮಂಚದ ನಡುವಿನ ಸಂದಿಯಿಂದ ಚಾಚಿ, ನನ್ನ ಮುಂಗೈ ಹಿಡಿದಳು. ಹಂಚು ತಾಗಿ ಕಪ್ಪಾದ ಅದೇ ಕೈ.

"ಮತ್ತ ಹೋಗಬೇಕವ್ವಾ," ಅಂದಳು. "ಸಾಯಾವ್ರು ಕರದಾಗ ಹೋಗಬೇಕು. ಅಷ್ಟೂ ತಿಳೀವಲ್ದಂಥಾದ್ದು ಏನ ಸಾಲಿ ಕಲಿಸಿದ್ನೋ ನಿನಗ."

ಅವಳು ಕ್ಷಮಿಸಿದ್ದಳು, ಅದು ಕೈ ಹಿಡಿದ ರೀತಿಯಲ್ಲೇ ಗೊತ್ತಾಯಿತು. ಅದರಿಂದ ನಾಚಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡು, ಅವಳಿಗೆ ಕೇಳಿಸುವ ಹಾಗೆಯೇ ಅತ್ತೆ.